ಶನಿವಾರದ ಕೋಣೆ

ಹಾರ್ಲಿ, ಮಿನೆಸೋಟಾ
ಗುರುವಾರ, ಅಕ್ಟೋಬರ್ ೧೪, ೧೮೯೭

ಮಹಿಳಾ ಸಂಘದ ವರ್ಷಾರಂಭದ ಸಭೆ ನಮ್ಮ ಮನೆಯಲ್ಲೇ ನಡೆಯಿತು. ಮತ್ತೆ ನನ್ನನ್ನೇ ಅಧ್ಯಕ್ಷೆಯಾಗಿ ಆರಿಸಿದರು. ಒಂದು ಸಲ ಬೇಡವೆಂದು, ಎರಡನೆಯ ಸಲ ಒಪ್ಪಿಕೊಂಡೆ, ಪ್ರತಿವರ್ಷವೂ ಹಾಗೇ. ಈ ವರ್ಷ ನಮ್ಮ ಅಧ್ಯಯನ ವೆನಿಸ್ಸಿನ ಚಿತ್ರಕಾರರ ಬಗ್ಗೆ. ಮೊದಲ ಪ್ರಬಂಧ ಓದಿದವಳು ಬ್ಯಾಂಕಿನ ವಿನ್ಸ್ಲೇಡ್ ಅವರ ಹೆಂಡತಿ ಡಾರ್ಕಸ್. ವೆನಿಸ್ಸನ್ನು ಕಣ್ಣಾರೆ ನೋಡದವಳು ಅಲ್ಲಿಯ ಬೆಳಕಿನ ಬಗ್ಗೆ ಅಷ್ಟು ಹೊತ್ತು ಹೇಗೆ ಮಾತಾಡಬಲ್ಲಳೋ. ನಿಂಬೆ ಕೇಕು ಎಲ್ಲರಿಗೂ ಹಿಡಿಸಿತು.

ಕೊನೆಗೆ ವಾಡಿಕೆಯಂತೆ "ಬೇರೆ ಏನಾದರೂ ವಿಷಯ ಇದೆಯೇ" ಎಂದು ಕೇಳಿದೆ. ಕಾರ್ಯದರ್ಶಿ ಥರ್ಜಾ ಬಾಯ್ಲ್ ಎದ್ದು ನಿಂತಳು. ಶಾಲೆಯಲ್ಲಿ ಪಾಠ ಹೇಳುವವಳು, ಮದುವೆಯಾಗಿಲ್ಲ, ನಾಲಿಗೆಗೆ ಲಗಾಮಿಲ್ಲ.

"ಶನಿವಾರ ಪೇಟೆಗೆ ಬರೋ ಹಳ್ಳಿ ಹೆಂಗಸರ ವಿಷಯ," ಎಂದಳು. "ಗಂಡಂದಿರು ಗಿರಣಿ, ಅಂಗಡಿ, ಸಾರಾಯಿ ಅಂತ ಸುತ್ತುತ್ತಾರೆ. ಇವರು ಬೆಳಗ್ಗಿಂದ ಸಂಜೆತನಕ ಗಾಡಿಯಲ್ಲೇ ಕೂತಿರಬೇಕು. ಒಂದಕ್ಕೆ ಹೋಗೋಣ ಅಂದ್ರೆ ಈ ಊರಲ್ಲಿ ಜಾಗ ಇಲ್ಲ. ನಾನು ಶಾಲೆಯ ಹಿಂಬಾಗಿಲು ತೆಗೆದು ಕೊಡ್ತಿದ್ದೆ. ಸಮಿತಿಯವರು ಬೀಗ ಹಾಕಿಸಿದ್ರು."

"ಥರ್ಜಾ, ಅದು ದಿವಾನಖಾನೆಯಲ್ಲಿ ಕೂತು ಆಡೋ ಮಾತಲ್ಲ," ಎಂದೆ.

"ಎಲ್ಲಿ ಆಡ್ಬೇಕು ಹೇಳಿ, ಅಲ್ಲಿಗೇ ಬರ್ತೀನಿ."

ಕೇಕನ್ನು ಇನ್ನೊಂದು ಸುತ್ತು ಕೊಡಲು ಹೇಳಿ ಸಭೆ ಮುಗಿಸಿದೆ. ಊಟದ ಹೊತ್ತಿಗೆ ಯಜಮಾನರಿಗೆ ಎಲ್ಲ ಹೇಳಿದಾಗ "ಸರಿಯಾಗೇ ಮಾಡಿದೆ" ಎಂದರು. ಅವರು ಸರಿ ಎಂದ ಮೇಲೆ ನನಗೂ ಸಮಾಧಾನವಾಯಿತು.

ಶನಿವಾರ, ಅಕ್ಟೋಬರ್ ೨೩

ಪರದೆಗೆ ಕಂಬಿ ಬೇಕಿತ್ತು, ನಮ್ಮ ಅಂಗಡಿಗೇ ಹೋದೆ. 'ಲೂಷಿಯಸ್ ಹ್ಯಾಸ್ಕಿನ್ಸ್, ಕಬ್ಬಿಣದ ಸಾಮಾನು' ಎಂಬ ತಮ್ಮ ಹೆಸರಿನ ಬೋರ್ಡಿಗೆ ಯಜಮಾನರು ಹೊಸ ಬಣ್ಣ ಹೊಡೆಸಿದ್ದಾರೆ, ಲಕ್ಷಣವಾಗಿದೆ. ಒಳಗೆ ಒಬ್ಬ ನಾರ್ವೆ ಕಡೆಯ ಹೆಂಗಸು ನಿಂತಿದ್ದಳು, ತುಂಬಿದ ಬಸುರಿ, ಜೊತೆಗೆ ಮಗಳು. ಗುಮಾಸ್ತನ ಹತ್ತಿರ ಹೋಗಿ ಏನೋ ಪಿಸುಗುಟ್ಟಿದಳು. ಅವನು ಅಂಗಡಿಗೆಲ್ಲ ಕೇಳುವ ಹಾಗೆ, "ಕುದುರೆ ಲಾಯದ ಹಿಂದಕ್ಕೆ ಹೋಗಮ್ಮ, ಎಲ್ರೂ ಅಲ್ಲಿಗೇ ಹೋಗೋದು," ಎಂದ. ಒಲೆಯ ಸುತ್ತ ಕೂತಿದ್ದ ಗಂಡಸರು ನಕ್ಕರು.

ನಾನು ಹೊರಬಂದಾಗ ಅವರು ಲಾಯದ ಹಿಂದೆ ಇದ್ದರು. ಮಗಳು ಶಾಲು ಹರಡಿ ಮರೆ ಹಿಡಿದಿದ್ದಳು. ಗಾಳಿಗೆ ಶಾಲು ನಿಲ್ಲುತ್ತಿರಲಿಲ್ಲ. ಮುಖ ತಿರುಗಿಸಿಕೊಂಡು ಬಂದುಬಿಟ್ಟೆ. ಮನೆ ಮುಟ್ಟುವ ತನಕ ತಡೆದುಕೊಳ್ಳಲಾಗದೇ ಎನಿಸಿತು. ಅವರ ಮನೆ ಎಷ್ಟು ದೂರವೋ ನನಗೆ ಗೊತ್ತಿಲ್ಲ.

ಯಜಮಾನರು ಹೇಳಿದರು: "ಅವರಿಗೆಲ್ಲ ಅಭ್ಯಾಸ ಇರುತ್ತೆ. ಪೇಟೆಗೆ ಬರೋ ದಿನ ಬೆಳಗ್ಗಿಂದ ನೀರೇ ಮುಟ್ಟಲ್ವಂತೆ."

ಜಾಣತನವೇ ಎಂದುಕೊಂಡೆ. ಸಂಜೆ ಚಹಾ ಅರ್ಧಕ್ಕೇ ಬಿಟ್ಟೆ. ಹೊಟ್ಟೆ ಸರಿಯಿರಲಿಲ್ಲವೋ ಏನೋ.

ಭಾನುವಾರ, ಅಕ್ಟೋಬರ್ ೩೧

ಚರ್ಚಿನ ಮೆಟ್ಟಿಲ ಮೇಲೆ ಥರ್ಜಾ ನನ್ನನ್ನು ತಡೆದು ನಿಲ್ಲಿಸಿದಳು. ಆ ಬಸುರಿ ಹೆಂಗಸಿನ ಹೆಸರು ಗುನ್‌ಹಿಲ್ಡ್ ರೋಸ್ಟಾಡ್. ನಿನ್ನೆ ಗಿರಣಿಯ ಮುಂದೆ ಅವಳಿಗೆ ನೋವು ಶುರುವಾಯಿತಂತೆ. ಗಂಡ ಹಿಟ್ಟಿಗೆ ಸರದಿಯಲ್ಲಿ ನಿಂತಿದ್ದ. ಆಲಿಕಲ್ಲಿನಂಥ ಮಳೆ. ಮಲಗಲು ಎಲ್ಲೂ ಜಾಗವಿಲ್ಲದೆ ಗಾಡಿಯಲ್ಲಿ ಗೋಧಿ ಮೂಟೆಗಳ ಮೇಲೇ ಮಲಗಿದಳು. ಡಾಕ್ಟರು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಗಂಡುಮಗು. ಉಸಿರೇ ಆಡಲಿಲ್ಲವಂತೆ.

"ನಮ್ಮನೆಗೆ ಬರಬಾರದಿತ್ತೇ," ಎಂದೆ. "ನಮ್ಮಲ್ಲಿ ಹಾಸಿಗೆಗೆ ಬರವೇ?"

"ನಿಮ್ಮನೆ ಅವಳಿಗೆ ಹೇಗೆ ಗೊತ್ತಿರಬೇಕು? ಗೊತ್ತಿದ್ರೂ ಆ ಮುಂಬಾಗಿಲು ತಟ್ಟೋ ಧೈರ್ಯ ಎಲ್ಲಿಂದ ಬರಬೇಕು ಅವಳಿಗೆ?"

ಪಾದ್ರಿಗಳ ಉಪದೇಶ ಯಾವುದರ ಮೇಲಿತ್ತೋ ನೆನಪಿಲ್ಲ.

ಬುಧವಾರ, ನವೆಂಬರ್ ೩

ಮೊನ್ನೆ ರೋಸ್ಟಾಡ್ ಮನೆಗೆ ಒಂದು ಬುಟ್ಟಿ ಕಳಿಸಿದ್ದೆ: ಕೋಳಿ ಸಾರು, ಹಣ್ಣಿನ ಪಾಕ, ಫ್ಲಾನೆಲ್ ಬಟ್ಟೆ. ಇವತ್ತು ಬುಟ್ಟಿ ತೊಳೆದು ವಾಪಸು ಕಳಿಸಿದ್ದಾರೆ, ಒಳಗೆ ಕಂದು ಬಣ್ಣದ ಒಂದು ಚೀಸಿನ ಗಟ್ಟಿ. ಯಜಮಾನರು ಒಂದು ಚೂರು ಬಾಯಿಗೆ ಹಾಕಿಕೊಂಡು ಸೋಪು ತಿಂದಂತಿದೆ ಎಂದು ಪಕ್ಕಕ್ಕಿಟ್ಟರು.

ನಾನು ತಿಂದೆ.

ಗುರುವಾರ, ನವೆಂಬರ್ ೪

ಇವತ್ತು ಡಾರ್ಕಸ್ ಮನೆಯಲ್ಲಿ ಸಭೆ. ನಾನು ಓದಬೇಕಾಗಿದ್ದ ಪ್ರಬಂಧ ಚೀಲದಿಂದ ತೆಗೆಯಲೇ ಇಲ್ಲ. ಥರ್ಜಾಳ ವಿಷಯವನ್ನು ಮೊದಲು ತೆಗೆದುಕೊಳ್ಳೋಣ ಎಂದೆ. ಯಾಕೆ ಹಾಗೆಂದೆನೋ, ಮನೆಯಿಂದ ಹೊರಡುವಾಗ ಅಂಥ ಯೋಚನೆಯಿರಲಿಲ್ಲ. ಹಳ್ಳಿಯ ಹೆಂಗಸರು ಕೂತು, ಮಕ್ಕಳಿಗೆ ಹಾಲೂಡಿಸಿ, ಬೇಕಾದರೆ ಒರಗಿಕೊಂಡು, ಮತ್ತು ಉಳಿದದ್ದಕ್ಕೂ ಅನುಕೂಲವಾಗುವಂತೆ ಪೇಟೆಯ ನಡುವೆ ಒಂದು ಕೋಣೆ ಬೇಕು ಎಂದು ಪ್ರಸ್ತಾಪ ಇಟ್ಟೆ.

"ಉಳಿದದ್ದು ಅಂದ್ರೆ?" ಡಾರ್ಕಸ್ ಕೇಳಿದಳು.

"ನಿನಗೆ ಗೊತ್ತು ಡಾರ್ಕಸ್."

"ಗೊತ್ತಿದ್ದೇ ಕೇಳಿದ್ದು. ನೀವ್ಯಾರೂ ಬಾಯಿಬಿಟ್ಟು ಹೇಳಲ್ಲ, ನಾನೇ ಹೇಳ್ತೀನಿ. ಕಕ್ಕಸು. ಕಲೆ ಸಾಹಿತ್ಯ ಅಂತ ಕಟ್ಟಿದ ಸಂಘದ ಹೆಸರಲ್ಲಿ ಕಕ್ಕಸು ಕಟ್ಟಿಸೋಕೆ ಹೊರಟಿದ್ದೀರಿ. ನಾಳೆ ಬೀದೀಲಿ ನಮ್ಮನ್ನ ನೋಡಿ ಜನ ಏನಂತಾರೆ?"

"ಏನೂ ಅನ್ನಲ್ಲ, ದಾರಿ ಕೇಳ್ತಾರೆ," ಎಂದಳು ಥರ್ಜಾ.

ಒಬ್ಬಿಬ್ಬರು ನಕ್ಕರು, ಅದು ಡಾರ್ಕಸ್‌ಗೆ ತಾಗಿತು. ಕೈಯೆತ್ತಿಸಿದಾಗ ನಮ್ಮ ಕಡೆಗೆ ಒಂದೇ ಒಂದು ಕೈ ಹೆಚ್ಚಾಯಿತು. ಡಾರ್ಕಸ್ ತನ್ನ ಮನೆಯ ದಿವಾನಖಾನೆಯಲ್ಲೇ ನಿಂತು ರಾಜೀನಾಮೆ ಕೊಟ್ಟಳು, ಅವಳ ಹಿಂದೆ ಇನ್ನೂ ಕೆಲವರು. ಮನೆ ಅವಳದೇ ಆದ್ದರಿಂದ ಎದ್ದು ಹೊರಗೆ ಬರಬೇಕಾದವರು ನಾವಾದೆವು. ಇಪ್ಪತ್ತು ವರ್ಷದ ಗೆಳತಿ. ನನ್ನ ಇಬ್ಬರು ಮಕ್ಕಳ ಹೆರಿಗೆಯಲ್ಲೂ ಪಕ್ಕದಲ್ಲಿದ್ದವಳು.

ಶುಕ್ರವಾರ, ನವೆಂಬರ್ ೧೨

ಯಜಮಾನರಿಗೆ ಕೋಪ. ಜೋರು ಮಾಡುವವರಲ್ಲ, ಪತ್ರಿಕೆಯನ್ನು ಎರಡೆರಡು ಸಲ ಮಡಿಸುತ್ತಾರೆ.

"ಕೆಲಸ ಒಳ್ಳೇದೇ, ನಾನು ಬೇಡ ಅನ್ನಲ್ಲ. ಆದ್ರೆ ಥರ್ಜಾ ಮುಂದೆ ನಿಲ್ಲಲಿ. ಅವಳಿಗೆ ಕಳಕೊಳ್ಳೋಕೆ ಏನಿದೆ? ಕೋಣೆ ಕೊಡಿ ಅಂತ ಜಿಲ್ಲಾ ಮಂಡಳಿಗೆ ಹಾಕೋ ಅರ್ಜಿಗೆ ಹ್ಯಾಸ್ಕಿನ್ಸ್ ಅಂತ ರುಜು ಬಿದ್ರೆ ಅಂಗಡೀಲಿ ನಾನು ತಲೆಯೆತ್ತಿ ಕೂರೋದು ಹೇಗೆ?"

"ಅವಳಿಗೆ ಕೆಲಸ ಇದೆಯಲ್ರೀ, ಅದನ್ನ ಕಳಕೋತಾಳೆ," ಎಂದೆ.

ಅವರು ಪತ್ರಿಕೆ ಮತ್ತೆ ಮಡಿಸಿದರು. ಅವರ ಮಾತೂ ಸರಿಯೇ ಇರಬಹುದು. ಅರ್ಜಿಗೆ ನಾನೇ ರುಜು ಹಾಕಿದೆ.

ಗುರುವಾರ, ಡಿಸೆಂಬರ್ ೯

ಕೋರ್ಟು ಕಟ್ಟಡದ ನೆಲಮಾಳಿಗೆಯಲ್ಲಿ ಮುರಿದ ಕುರ್ಚಿ ತುಂಬಿಟ್ಟ ಒಂದು ಕೋಣೆ ಖಾಲಿ ಬಿದ್ದಿದೆ, ಅದನ್ನು ಕೊಡಿ ಎಂದು ಜಿಲ್ಲಾ ಮಂಡಳಿಗೆ ಬರೆದಿದ್ದೆ. ಇವತ್ತು ಉತ್ತರ ಬಂತು. ಕೋಣೆ ಯಾತಕ್ಕೆ ಬೇಕೆಂಬುದು ಅರ್ಜಿಯಿಂದ ಸ್ಪಷ್ಟವಾಗುವುದಿಲ್ಲವಂತೆ. ಮಹಿಳೆಯರು ಚಹಾಕೂಟ ನಡೆಸುವುದಾದರೆ ಚರ್ಚಿನ ಸಭಾಂಗಣ ಇದೆಯಂತೆ. ಬೇಕಿದ್ದರೆ ಜನವರಿಯ ಬೈಠಕ್ಕಿಗೆ ಖುದ್ದಾಗಿ ಬಂದು ವಿವರಿಸಬಹುದಂತೆ.

ಥರ್ಜಾ ನನ್ನ ಅರ್ಜಿಯ ನಕಲನ್ನು ಎರಡು ಸಲ ಓದಿದಳು. "'ಸ್ತ್ರೀಯರ ಸಹಜ ಸೌಕರ್ಯಾರ್ಥ' ಅಂತ ಬರೆದಿದ್ದೀರಿ. ಚೆನ್ನಾಗಿದೆ. ನನಗೂ ಚಹಾ ಅಂತಲೇ ಅನ್ನಿಸ್ತು."

ಇದಕ್ಕಿಂತ ಬಿಡಿಸಿ ಬರೆಯುವುದು ಹೇಗೆ? ಕೈ ಬರುವುದಿಲ್ಲ.

ಮಂಗಳವಾರ, ಜನವರಿ ೪, ೧೮೯೮

ಎಲ್ಲವನ್ನೂ ಇವತ್ತೇ ಬರೆದಿಡಬೇಕು.

ಬೆಳಗ್ಗೆ ವಿಪರೀತ ಚಳಿ. ಧೈರ್ಯಕ್ಕೆಂದು ಎರಡು ಬಟ್ಟಲು ಕಾಫಿ ಕುಡಿದು ಹೊರಟೆ. ಯಜಮಾನರು ಕೋರ್ಟಿನ ಬಾಗಿಲಿಗೆ ನನ್ನನ್ನು ಇಳಿಸಿ, ಸಾಮಾನು ತರಿಸಬೇಕೆಂದು ಹಿಮಗಾಡಿಯನ್ನು ಒಯ್ದರು. ಥರ್ಜಾಗೆ ಶಾಲೆ. ನಾನೊಬ್ಬಳೇ.

ಪಡಸಾಲೆಯ ಬೆಂಚಿನ ಮೇಲೆ ಕೂರಿಸಿದರು. ಯಾವಾಗ ಕರೆಯುತ್ತಾರೆಂದು ಗುಮಾಸ್ತನನ್ನು ಕೇಳಿದೆ. "ಯಾವಾಗ ಬೇಕಾದ್ರೂ ಕರೀಬಹುದಮ್ಮ. ಕರೆದಾಗ ಇಲ್ಲಿರಲಿಲ್ಲ ಅಂದ್ರೆ ಮುಂದಿನ ಬೈಠಕ್ಕಿಗೇ ಹೋಗುತ್ತೆ." ಮೊದಲು ಒಂದು ಸೇತುವೆಯ ಮಾತು ನಡೆಯಿತು. ಆಮೇಲೆ ಒಂದು ರಸ್ತೆ. ಆಮೇಲೆ ತೋಳ ಕೊಂದವರಿಗೆ ಕೊಡುವ ಇನಾಮು, ಅದು ಮುಗಿಯಲೇ ಇಲ್ಲ. ಮಂಡಳಿಯವರು ನಡುನಡುವೆ ಒಬ್ಬೊಬ್ಬರಾಗಿ ಎದ್ದು ಪಡಸಾಲೆ ದಾಟಿ, ಹಿತ್ತಿಲ ಬಾಗಿಲಿಂದ ಹೊರಗೆ ಹೋಗಿ, ಕೈ ಉಜ್ಜಿಕೊಳ್ಳುತ್ತ ವಾಪಸು ಬರುತ್ತಿದ್ದರು. ಅಲ್ಲಿ ಹಲಗೆಯ ಒಂದು ಮರೆ ಇದೆ, ಗಂಡಸರಿಗೆ.

ಮಧ್ಯಾಹ್ನದ ಹೊತ್ತಿಗೆ ಆ ಎರಡು ಬಟ್ಟಲು ಕಾಫಿಯನ್ನು ಶಪಿಸುತ್ತಿದ್ದೆ. ನಮ್ಮ ಮನೆ ಗುಡ್ಡದ ಮೇಲೆ. ಮೊಣಕಾಲುದ್ದ ಹಿಮದಲ್ಲಿ ಹೋಗಿಬರುವಷ್ಟರಲ್ಲಿ ಕೆಲಸ ಕೆಡುತ್ತಿತ್ತು. ಯಾರನ್ನು ಕೇಳಲಿ? ಸುತ್ತ ಗಂಡಸರು, ಅವರಲ್ಲಿ ಅರ್ಧ ಜನ ನಮ್ಮ ಅಂಗಡಿಯ ಗಿರಾಕಿಗಳು. ಟೋಪಿ ತೆಗೆದು "ನಮಸ್ಕಾರ, ಆರಾಮವಾ" ಎನ್ನುತ್ತಿದ್ದರು. ಆರಾಮ ಎನ್ನುತ್ತಿದ್ದೆ. ಪಾದದ ಮೇಲೆ ಪಾದ ಒತ್ತಿಕೊಂಡು, ಗೋಡೆಯ ಮೇಲಿನ ಗಡಿಯಾರ ನೋಡದೆ, ವೆನಿಸ್ಸಿನ ಚಿತ್ರಕಾರರ ಹೆಸರುಗಳನ್ನು ನೆನಪಿಸಿಕೊಳ್ಳಲು ನೋಡಿದೆ. ಆ ಊರಿನ ತುಂಬ ನೀರೇ ಎಂಬುದು ನೆನಪಾಗಿ ಅದನ್ನೂ ಬಿಟ್ಟೆ. ಕಣ್ಣಲ್ಲಿ ನೀರು ಬಂತು.

ಬೆಂಚಿನ ಆ ತುದಿಯಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಗಂಡ ರಸ್ತೆಯ ಅರ್ಜಿಗೆ ಬಂದಿದ್ದನಂತೆ. ಸರಿದು ಹತ್ತಿರ ಬಂದಳು. ಗುನ್‌ಹಿಲ್ಡ್ ರೋಸ್ಟಾಡ್. ಸೊರಗಿ ಹೋಗಿದ್ದಳು, ಮೊದಲು ಗುರುತೇ ಸಿಗಲಿಲ್ಲ.

"ಅಮ್ಮಾರೆ, ಬುಟ್ಟಿ ಕಳಿಸಿದ್ದು ನೀವಲ್ವಾ?"

ಹೌದೆಂದೆ.

"ಭಾಳ ಹೊತ್ತಿಂದ ನೋಡ್ತಾ ಇವ್ನಿ. ಬನ್ನಿ ನನ್ ಜೊತೆ."

"ಎಲ್ಲಿಗೆ?"

"ಎಲ್ಲಿಗೆ ಅಂತ ನಿಮ್ಗೂ ಗೊತ್ತು ನಂಗೂ ಗೊತ್ತು. ಏಳಿ ಮೇಲಕ್ಕೆ. ನಿಮ್ಮೆಸ್ರು ಕರುದ್ರೆ ನನ್ ಗಂಡ ಬಂದು ಕೂಗ್ತಾನೆ, ಯೋಳಿವ್ನಿ."

ಕಟ್ಟಡದ ಹಿಂದೆ ಕಲ್ಲಿದ್ದಲಿನ ಕೊಟ್ಟಿಗೆ. ಅದರಾಚೆ, ಗಾಳಿ ಬೀಸದ ಮೂಲೆಯಲ್ಲಿ ಅವಳು ತನ್ನ ಶಾಲನ್ನು ಎರಡೂ ಕೈಯಿಂದ ಅಗಲಿಸಿ ಹಿಡಿದು, ನನಗೆ ಬೆನ್ನು ಹಾಕಿ ನಿಂತಳು. ನನ್ನ ಕೈಗೆ ಗುಂಡಿಗಳೇ ಸಿಗಲಿಲ್ಲ. ಐವತ್ತೆರಡು ವರ್ಷದ ಹೆಂಗಸು, ಸಂಘದ ಅಧ್ಯಕ್ಷೆ, ಜಿಲ್ಲಾ ಕೋರ್ಟಿನ ಹಿಂದೆ ಹಿಮದಲ್ಲಿ ಕೂತೆ. ಯಾರೋ ಗಂಡಸು ಆಚೆಯಿಂದ ಕೆಮ್ಮುತ್ತ ಬಂದ. "ಆ ಕಡೆಯಿಂದ ಹೋಗಪ್ಪಾ," ಎಂದು ಗುನ್‌ಹಿಲ್ಡ್ ಗದರಿದಳು, ಹೋರಿಯನ್ನು ಅಟ್ಟುವ ದನಿಯಲ್ಲಿ. ಅವನು ಹೋದ.

ಎದ್ದು ನಿಂತೆ. ಅವಳು ನನ್ನ ಲಂಗದ ಅಂಚಿನ ಹಿಮ ಕೊಡವಿದಳು. ಮಗುವಿನ ವಿಷಯ ಏನಾದರೂ ಹೇಳಬೇಕೆನಿಸಿ ಬಾಯಿ ತೆರೆದೆ. ಅವಳೇ, "ಮಾತು ಬ್ಯಾಡಿ ಈಗ, ಚಳಿ ಹೊಕ್ಕತ್ತೆ, ನಡೀರಿ," ಎಂದಳು. ಕೈ ಹಿಡಿದುಕೊಂಡೇ ಒಳಗೆ ಬಂದೆವು.

ಕರೆದಾಗ ಮೂರು ಗಂಟೆಯಾಗಿತ್ತು. ಅಧ್ಯಕ್ಷರು ಏಮಸ್ ಟೀಗ್, ಬಿಳಿಗಡ್ಡದ ಮುದುಕ, ಸಭ್ಯರು. "ಹ್ಯಾಸ್ಕಿನ್ಸ್ ಅಮ್ಮನವರೇ, ಭಾಷಣ ಬೇಡ. ಕೋಣೆ ಯಾತಕ್ಕೆ ಅಂತ ಒಂದೇ ಮಾತಲ್ಲಿ ಹೇಳಿಬಿಡಿ, ನಮಗೂ ಚಹಾದ ಹೊತ್ತಾಯಿತು."

ನಾನು ಬರೆದು ತಂದಿದ್ದ ಹಾಳೆಯಲ್ಲಿ ನಾಲ್ಕು ಪುಟ ಇತ್ತು. ಅದನ್ನು ಮಡಿಸಿದೆ. "ಮೂತ್ರ ಮಾಡೋಕೆ," ಎಂದೆ.

ಒಬ್ಬನ ಕೈಯಿಂದ ಪೆನ್ನು ಜಾರಿತು. ಯಾರೂ ನಗಲಿಲ್ಲ. ನಿಲ್ಲಿಸಿದರೆ ಮತ್ತೆ ಬಾಯಿ ಬರುವುದಿಲ್ಲವೆಂದು ಹೆದರಿ ಮಾತು ಮುಂದುವರಿಸಿದೆ. "ಅದಕ್ಕೆ, ಮಕ್ಕಳಿಗೆ ಹಾಲೂಡಿಸೋಕೆ, ನೋವು ಬಂದ್ರೆ ಮಲಗೋಕೆ. ಅಕ್ಟೋಬರಿನಲ್ಲಿ ಒಬ್ಬಳು ಗಿರಣಿ ಮುಂದೆ ಮೂಟೆ ಮೇಲೆ ಹೆತ್ತಳು, ಮಗು ಉಳೀಲಿಲ್ಲ. ಅದು ನಿಮಗೆಲ್ಲ ಗೊತ್ತು."

"ಇಷ್ಟು ವರ್ಷದಲ್ಲಿ ಒಂದು ದೂರೂ ಬಂದಿಲ್ವಲ್ಲ," ಎಂದರು ಟೀಗ್.

"ದೂರು ಕೊಡಬೇಕಂದ್ರೂ ಆ ಮಾತು ಬಾಯಲ್ಲಿ ಬರಬೇಕಲ್ಲ ಸ್ವಾಮಿ. ನನಗೇ ಮೂರು ತಿಂಗಳು ಬೇಕಾಯ್ತು."

ಪಕ್ಕದವನೊಬ್ಬ, "ಮನೆ ಸೇರೋವರೆಗೂ ತಡಕೊಳ್ಳೋಕಾಗಲ್ವೇ?" ಎಂದ.

"ನಿಮಗೆ ಆಯ್ತಾ?" ಎಂದೆ. "ಬೆಳಗ್ಗಿಂದ ಬೆಂಚಿನ ಮೇಲೆ ಕೂತಿದ್ದೀನಿ. ನೀವು ಐದೂ ಜನ ನನ್ನ ಮುಂದೇನೇ ಹಿತ್ತಿಲಿಗೆ ಹೋಗಿ ಬಂದ್ರಿ. ಟೀಗ್ ಅವರು ಎರಡು ಸಲ."

ಟೀಗ್ ಅವರ ಮುಖ ಗಡ್ಡದ ಬುಡದ ತನಕ ಕೆಂಪಾಯಿತು. ಬಾಗಿಲ ಹತ್ತಿರ ನಿಂತಿದ್ದ ಗುನ್‌ಹಿಲ್ಡ್‌ಳ ಗಂಡ ಗಟ್ಟಿಯಾಗಿ ನಕ್ಕ. ಆಮೇಲೆ ಟೀಗ್ ಅವರೂ ನಕ್ಕರು. ಕೋಣೆ ಕೊಟ್ಟರು. ಬೇಸಿಗೆಯ ತನಕ ಪರೀಕ್ಷೆಗೆ ಮಾತ್ರ, ಮಂಡಳಿ ಕಾಸು ಬಿಚ್ಚುವುದಿಲ್ಲ, ಸ್ವಚ್ಛವಾಗಿಡುವುದು ಸಂಘದ ಹೊಣೆ.

ಮನೆಗೆ ನಡೆದುಕೊಂಡೇ ಬಂದೆ. ಹಿಮದ ಗುಡ್ಡ ಹತ್ತಿದ್ದು ಗೊತ್ತೇ ಆಗಲಿಲ್ಲ.

ಶುಕ್ರವಾರ, ಜನವರಿ ೭

ಊರೆಲ್ಲ ಅದೇ ಮಾತು. ನಾನು ಆಡಿದ ಆ ಪದವನ್ನು ಪತ್ರಿಕೆಯವರು ಚುಕ್ಕಿ ಹಾಕಿ ಬಿಟ್ಟಿದ್ದಾರೆ. ಅಂಗಡಿಯ ಒಲೆಯ ಸುತ್ತ ಕೂರುವವರು ಲೂಷಿಯಸ್‌ನನ್ನು ಕಿಚಾಯಿಸುತ್ತಿದ್ದಾರಂತೆ: "ಹ್ಯಾಸ್ಕಿನ್ಸ್, ಹೊರಗೆ ಹೋಗೋಕೆ ಮನೇಲಿ ಅಪ್ಪಣೆ ಕೇಳಿದ್ಯೇನಯ್ಯಾ?" ಅವನು ನನ್ನೊಡನೆ ಮಾತಾಡುತ್ತಿಲ್ಲ. ಬೇಸರವಾಗಿದೆ. ಆದರೆ ಹಸಿವು ಚೆನ್ನಾಗಿ ಆಗುತ್ತಿದೆ, ನಿದ್ದೆಯೂ ಬರುತ್ತಿದೆ.

ಮಂಗಳವಾರ, ಜನವರಿ ೧೮

ಲೂಷಿಯಸ್ ಊಟದ ಮೇಜಿನ ಮೇಲೆ ಕಾಗದದ ಪೊಟ್ಟಣವೊಂದನ್ನು ಇಟ್ಟ. ಬಿಚ್ಚಿದರೆ ಹಿತ್ತಾಳೆಯ ಚಿಲಕ.

"ಒಳಗಡೆ ಬಾಗಿಲಿಗೆ," ಎಂದ. "ಕಬ್ಬಿಣದ್ದಾದ್ರೆ ಆ ನೆಲಮಾಳಿಗೆ ತೇವಕ್ಕೆ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತೆ. ಯಾರಾದ್ರೂ ಒಳಗೇ ಸಿಕ್ಕಿಹಾಕಿಕೊಂಡ್ರೆ ಅದಕ್ಕೂ ನನ್ನನ್ನೇ ಕಿಚಾಯಿಸ್ತಾರೆ."

ನಾನು ನಕ್ಕೆ. ಅವನು ನಗಲಿಲ್ಲ, ಆದರೆ ಪತ್ರಿಕೆ ಕೈಗೆ ತೆಗೆದುಕೊಳ್ಳಲೂ ಇಲ್ಲ. ಎಷ್ಟೋ ಹೊತ್ತು ಒಲೆ ಎಲ್ಲಿಡುವುದು, ಹೊಗೆಕೊಳವೆ ಯಾವ ಕಿಟಕಿಯಿಂದ ಹೊರಗೆ ಹಾಯಿಸುವುದು ಎಂದು ಮಾತಾಡಿದೆವು. ಕಿಟಕಿಯ ವಿಷಯದಲ್ಲಿ ಅವನದು ತಪ್ಪು. ಹೇಳಿದೆ, ಒಪ್ಪಿಕೊಂಡ.

ಶನಿವಾರ, ಫೆಬ್ರವರಿ ೫

ಕೋಣೆ ತೆರೆದೆವು. ಯಾರೂ ಬರಲಿಲ್ಲ.

ಗೋಡೆಗೆ ಸುಣ್ಣ, ಒಳಗಿನ ಚಿಕ್ಕ ಕೋಣೆಯಲ್ಲಿ ಕಕ್ಕಸು, ಅದರ ಬಾಗಿಲಿಗೆ ಲೂಷಿಯಸ್ ಕೊಟ್ಟ ಚಿಲಕ, ತೂಗುಕುರ್ಚಿಗಳು, ಮಂಚ, ನಮ್ಮ ಮನೆಯ ಹೂಬಳ್ಳಿಯ ಜಮಖಾನ, ಗಾಜು ಹಾಕಿಸಿದ ನಿಯಮಗಳ ಪಟ್ಟಿ. ಮಧ್ಯದಲ್ಲಿ ಒಮ್ಮೆ ಇಬ್ಬರು ಹೆಂಗಸರು ಇಣುಕಿದರು. "ಬನ್ನಿ, ಒಳಗೆ ಬನ್ನಿ," ಎಂದು ನಾನು ಎದ್ದೆ. ನನ್ನ ಟೋಪಿಯ ಗರಿ, ಆಮೇಲೆ ತಮ್ಮ ಬೂಟು ನೋಡಿಕೊಂಡು ಹಿಂದಿರುಗಿದರು.

ಥರ್ಜಾ ಕುರ್ಚಿಯಲ್ಲಿ ತೂಗಿಕೊಳ್ಳುತ್ತ, "ಥೇಟ್ ನಿಮ್ಮ ದಿವಾನಖಾನೆ ಥರ ಇದೆ," ಎಂದಳು. "ಸಗಣಿ ಮೆತ್ತಿದ ಬೂಟಲ್ಲಿ ಈ ಜಮಖಾನದ ಮೇಲೆ ಯಾರು ಕಾಲಿಡ್ತಾರೆ? ನನಗೇ ಉಸಿರಾಡೋಕೆ ಹೆದರಿಕೆ."

ಕೋಪ ಬಂತು. ಆ ನಿಯಮಗಳನ್ನು ಚೆಂದದ ಅಕ್ಷರದಲ್ಲಿ ಬರೆಯಲು ಎರಡು ದಿನ ಕೂತಿದ್ದೆ. ಸಂಜೆ ಬಾಗಿಲು ಹಾಕುವ ಮುಂಚೆ ಇಬ್ಬರೂ ಸೇರಿ ಜಮಖಾನ ಸುತ್ತಿದೆವು. ಪಟ್ಟಿಯನ್ನು ನಾನೇ ಕೆಳಗಿಳಿಸಿದೆ.

ಗುರುವಾರ, ಫೆಬ್ರವರಿ ೧೦

ಪೇಟೆಯಲ್ಲಿ ಡಾರ್ಕಸ್ ಎದುರಾದಳು. ಬೀದಿ ದಾಟಿ ಆ ಬದಿಗೆ ಹೋಗುತ್ತಾಳೆಂದುಕೊಂಡೆ, ಹೋಗಲಿಲ್ಲ. "ಚೆನ್ನಾಗಿದ್ದೀಯಾ ಕಾರ್ಡೇಲಿಯಾ?" ಎಂದಳು. ಚೆನ್ನಾಗಿದ್ದೇನೆ ಎಂದೆ. ಇಬ್ಬರೂ ಸ್ವಲ್ಪ ಹೊತ್ತು ಹಿಮದ ವಿಷಯ ಮಾತಾಡಿದೆವು. ಅದಕ್ಕಿಂತ ಮುಂದೆ ಹೋಗಲಾಗಲಿಲ್ಲ. ಅವಳ ನಗೆಯನ್ನು ನಾನು ಎಷ್ಟು ನೆನೆಯುತ್ತೇನೆಂದು ಅವಳಿಗೆ ಗೊತ್ತಿಲ್ಲ.

ಅಲ್ಲಿಂದ ರೋಸ್ಟಾಡ್ ಮನೆಗೆ ಗಾಡಿ ಹೊಡೆಸಿಕೊಂಡು ಹೋದೆ. ಶನಿವಾರ ಬಾ, ಬೇರೆಯವರನ್ನೂ ಕರೆದುಕೊಂಡು ಬಾ ಎಂದು ಗುನ್‌ಹಿಲ್ಡ್‌ಳನ್ನು ಕೇಳಿಕೊಂಡೆ. "ಯಾರನ್ನ ಕೇಳ್ಬೇಕು ಅಲ್ಲಿ?" ಎಂದಳು. ಯಾರನ್ನೂ ಕೇಳಬೇಕಾಗಿಲ್ಲ ಎಂದೆ. ಕಾಫಿ ಕೊಟ್ಟಳು. ಪುಟ್ಟ ತೊಟ್ಟಿಲೊಂದು ಅಟ್ಟದ ಮೇಲೆ ಬೋರಲಾಗಿತ್ತು. ಈ ಸಲ ಮಗುವಿನ ಮಾತು ಅವಳೇ ತೆಗೆದಳು. ಅಪ್ಪನ ಹಾಗೆ ಉದ್ದ ಬೆರಳಿತ್ತಂತೆ.

ಶನಿವಾರ, ಫೆಬ್ರವರಿ ೧೯

ಕೈ ನೋಯುತ್ತಿದೆ, ಹೆಚ್ಚು ಬರೆಯಲಾರೆ.

ಗುನ್‌ಹಿಲ್ಡ್ ಹೋದ ವಾರ ತನ್ನ ಅಕ್ಕತಂಗಿಯರನ್ನು ಕರೆತಂದಿದ್ದಳು. ಇವತ್ತು ಹತ್ತು ಗಂಟೆಗೇ ಕೋಣೆ ತುಂಬಿತ್ತು. ಒದ್ದೆ ಕಾಲುಚೀಲ ಒಲೆಯ ಸುತ್ತ ಒಣಗುತ್ತಿವೆ, ಮಂಚದ ಮೇಲೆ ಅಡ್ಡಡ್ಡ ನಾಲ್ಕು ಮಕ್ಕಳು, ಒಬ್ಬಳು ಬೆಣ್ಣೆಯ ಬೆಲೆಗೆ ಅಂಗಡಿಯವನನ್ನು ಬೈಯುತ್ತಿದ್ದಾಳೆ, ಜರ್ಮನಿಯವರೂ ನಾರ್ವೆಯವರೂ ಒಬ್ಬರ ಭಾಷೆ ಒಬ್ಬರಿಗೆ ಬಾರದೆ ಕೈಸನ್ನೆಯಲ್ಲೇ ಹೆರಿಗೆ ನೋವಿನ ಮಾತಾಡಿಕೊಳ್ಳುತ್ತಿದ್ದಾರೆ. ಗರಿಯ ಟೋಪಿ ಮನೆಯಲ್ಲೇ ಇಟ್ಟು, ಅಡುಗೆಯ ಏಪ್ರನ್ ಕಟ್ಟಿಕೊಂಡು ಹೋಗಿದ್ದೆ. ಬೆಳಗ್ಗಿಂದ ನೀರು ಹೊತ್ತದ್ದು, ಒಲೆಗೆ ಕಲ್ಲಿದ್ದಲು ಹಾಕಿದ್ದು, ಒಳಗಿನ ಕೋಣೆ ತೊಳೆದದ್ದು ಇಷ್ಟೇ ಕೆಲಸ. ಮುಂದಿನ ಗುರುವಾರದ ಪ್ರಬಂಧ ಒಂದು ಸಾಲೂ ಆಗಿಲ್ಲ. ಗಿರಣಿಯ ಹತ್ತಿರ ಬಾವಿಗೆ ಮುಚ್ಚಳವಿಲ್ಲ ಎಂದು ಆ ಹೆಂಗಸರು ಹೇಳುತ್ತಿದ್ದರು, ಗುರುವಾರ ಅದನ್ನೇ ಸಭೆಯ ಮುಂದೆ ಇಡಬೇಕು.

ಹೊರಡುವ ಹೊತ್ತಿಗೆ ಒಬ್ಬ ಅಜ್ಜಿ ಮೊಮ್ಮಗುವನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋಗಿ ಬಂದಳು. ದೂರದ ಹಳ್ಳಿಯವಳು, ನನ್ನನ್ನು ಕಂಡವಳಲ್ಲ. ಮಗುವನ್ನು ವಾಪಸು ತೆಗೆದುಕೊಳ್ಳುತ್ತ ನನ್ನ ಮಸಿ ಹತ್ತಿದ ಕೈ ನೋಡಿದಳು.

"ಇಲ್ಲಿ ಕೆಲಸಕ್ಕಿದ್ದೀಯಾ ತಾಯಿ?"

"ಹೂಂ ಅಜ್ಜಿ."

"ದಿನಾ ಇರ್ತೀಯಾ?"

"ಶನಿವಾರ ಮಾತ್ರ."

ಅವಳು ಶಾಲು ಬಿಗಿದುಕೊಂಡು ಮೆಟ್ಟಿಲು ಹತ್ತುತ್ತ ತಿರುಗಿ ನಿಂತಳು. "ನಿಮ್ಮ ಒಡತಿಗೆ ಹೇಳು, ಒಲೆ ಚೆನ್ನಾಗಿ ಉರೀತಿತ್ತು ಅಂತ."

ಹೇಳುತ್ತೇನೆ ಎಂದೆ.